ಹಗೇವಿನ ಬಾಯಲ್ಲಿ ನಿಂತ ಮೇಷ್ಟ್ರು

ಕಳೆದ ವಾರ ಎಂಟನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ಸೈನ್ಸ್ ಎಗ್ಜಿಬಿಷನ್ನಿಗೆ ಒಂದು ಟಾಪಿಕ್ ಕೊಡ್ರಿ" ಎಂದಳು. ಕೆರೆಬಿಳಚಿಯಿಂದ ದಿನವೂ ಚನ್ನಗಿರಿಗೆ ಬಸ್ಸಿನಲ್ಲಿ ಬರುವ ಹುಡುಗಿ. ಉತ್ತರ ಪತ್ರಿಕೆಗಳಿಂದ ತಲೆ ಎತ್ತುವ ಮೊದಲೇ ನನ್ನ ಬಾಯಿಂದ ಮಾತು ಹೊರಟುಬಿಟ್ಟಿತು.

"ನಿಮ್ಮನೇಲಿ ಏನ್ ಬ್ಯಾಡ ಅಂತಾರೆ, ಅದನ್ನ ಹೇಳು."

ಆ ಮಾತು ನನ್ನದಲ್ಲ. ಕೊನೆಯನ್ನು ಸ್ವಲ್ಪ ಎಳೆದು ಹೇಳಿದ ಆ ಧಾಟಿಯೂ ನನ್ನದಲ್ಲ. ಹುಡುಗಿ ಕೈಯಲ್ಲಿದ್ದ ಊಟದ ಡಬ್ಬಿಯ ಹಿಡಿಯನ್ನು ತಿರುವುತ್ತ ಯೋಚಿಸತೊಡಗಿದಳು. ನನ್ನ ಬಲ ಅಂಗೈ ಉರಿಯತೊಡಗಿತು, ಹಗ್ಗ ಜಾರಿದಾಗ ಉರಿಯುವ ಹಾಗೆ. "ನಾಳೆ ಬಾರಮ್ಮ" ಎಂದು ಅವಳನ್ನು ಕಳಿಸಿಬಿಟ್ಟೆ.

ಆ ಮಾತಿನ ಒಡೆಯರು ಇತ್ತೀಚೆಗೆ ಹೊನ್ನಾಳಿಯ ಕಡೆ ನಿವೃತ್ತರಾದರು. ಬೀಳ್ಕೊಡುಗೆಯ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ನನ್ನನ್ನೂ ಕೇಳಿದ್ದರು. ಕೂತೆ, ಆಗಲಿಲ್ಲ. ಒಳ್ಳೆಯದನ್ನಷ್ಟೇ ಬರೆದರೆ ಸುಳ್ಳಾಗುತ್ತಿತ್ತು, ಕೆಟ್ಟದ್ದನ್ನಷ್ಟೇ ಬರೆದರೂ ಸುಳ್ಳಾಗುತ್ತಿತ್ತು. ಈಗ ಎರಡನ್ನೂ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕುವುದಿಲ್ಲ. ಅವರಿಂದ ಕಲಿತವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ, ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ನಾನು ನ್ಯಾಮತಿಯವನು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿಗೆ ತಾತ್ಕಾಲಿಕ ಮೇಷ್ಟ್ರಾಗಿ ಹೋದೆ. ಅವರು ಅಲ್ಲಿ ವಿಜ್ಞಾನಕ್ಕೆ ಹಿರಿಯರು. ಮೊದಲ ದಿನ ನಾನು ಟ್ರಂಕು ಹಿಡಿದು ಬಸ್ಸಿಳಿದಾಗ ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಒಂದೊಂದೇ ಮಂಡಕ್ಕಿಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಾಯಿಗೆ ಹಾಕುತ್ತಿದ್ದರು.

"ಹೊಸ ಮೇಷ್ಟ್ರೇನ್ರೀ? ಬರ್ರಿ, ಕುಂದರ್ರಿ. ಇದು ಯಾಕೆ ಉಬ್ಬತೈತೆ ಹೇಳ್ರಿ ನೋಡಣ."

ನಾನು ಒಳಗಿನ ತೇವ, ಉಗಿ, ಒತ್ತಡ ಎಂದು ಕಾಲೇಜಿನಲ್ಲಿ ಓದಿದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿ ಹೋಟೆಲಿನವನ ಕಡೆ ತಿರುಗಿ, "ಡಿಗ್ರಿ ಮೇಷ್ಟ್ರಿಗೆ ಒಂದು ಪ್ಲೇಟ್ ಮೆಣಸಿನಕಾಯಿ ಬಜ್ಜಿ ಕೊಡಪ್ಪ. ಖಾರ ಯಾಕೆ ಹತ್ತತೈತೆ ಅಂತ ಅದನ್ನೂ ಹೇಳ್ತಾರೆ" ಎಂದರು. ಅವತ್ತಿನಿಂದ ನಾನು ಆ ಊರಿಗೆ ಡಿಗ್ರಿ ಮೇಷ್ಟ್ರಾದೆ. ಹೋಟೆಲಿನ ದುಡ್ಡನ್ನು ಅವರೇ ಕೊಟ್ಟರು. ರೂಮು ಸಿಗುವವರೆಗೆ ಅವರ ಮನೆಯ ಪಡಸಾಲೆಯಲ್ಲೇ ಮಲಗಿದೆ.

ಅರ್ಧ ತೋಳಿನ ಬಿಳಿ ಅಂಗಿ, ಅದರ ಹೊಟ್ಟೆಯ ಮೇಲೆ ಆಸಿಡ್ ಸಿಡಿದು ಸುಟ್ಟ ಸಣ್ಣ ತೂತುಗಳು. ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಪ್ರನಾಳ, ಅದರೊಳಗೆ ಅಡಿಕೆ ಪುಡಿ. ಏನಾದರೂ ಯೋಚಿಸಬೇಕಾದರೆ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದರು. ಒರೆಸಿ ಮುಗಿಯುವುದರೊಳಗೆ ಉತ್ತರ ಸಿಕ್ಕಿರುತ್ತಿತ್ತು, ಇಲ್ಲವೆ "ಗೊತ್ತಿಲ್ಲ" ಎನ್ನುತ್ತಿದ್ದರು. ಒಬ್ಬ ಮೇಷ್ಟ್ರು ತರಗತಿಯ ಮುಂದೆ "ಗೊತ್ತಿಲ್ಲ" ಎಂದದ್ದನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. "ಗೊತ್ತಿಲ್ಲ ಅನ್ನಾಕೆ ನಾಚಿಕೆ ಬ್ಯಾಡ. ಗೊತ್ತಿಲ್ಲ ಅಂದು ಮನೀಗೆ ಹೋಗಿ ಮಲಗಿದ್ರೆ ಮಾತ್ರ ನಾಚಿಕೆ" ಎನ್ನುತ್ತಿದ್ದರು.

ಮಳೆಗಾಲ ಮುಗಿಯುತ್ತಿದ್ದಂತೆ ವಿಜ್ಞಾನ ಪ್ರದರ್ಶನದ ಸುತ್ತೋಲೆ ಬರುತ್ತಿತ್ತು. ಬೇರೆ ಶಾಲೆಗಳಲ್ಲಿ ಮೇಷ್ಟ್ರೇ ಪುಸ್ತಕ ನೋಡಿ ವಿಷಯ ಕೊಡುತ್ತಿದ್ದರು. ಜ್ವಾಲಾಮುಖಿ, ನೀರಿನ ಚಕ್ರ, ವಿದ್ಯುತ್ ಗಂಟೆ. ಪ್ರತಿ ವರ್ಷ ಅದೇ ಜ್ವಾಲಾಮುಖಿ, ಅದೇ ಕೆಂಪು ಬಣ್ಣ. ಇವರು ಹಾಗೆ ಮಾಡುತ್ತಿರಲಿಲ್ಲ. ಮಕ್ಕಳನ್ನು ಶಾಲೆಯಂಗಳದ ಬೇವಿನ ಮರದ ಕೆಳಗೆ ಕೂರಿಸಿ ಕೇಳುತ್ತಿದ್ದರು.

"ನಿಮ್ಮನೇಲಿ ಏನ್ ಬ್ಯಾಡ ಅಂತಾರೆ?"

"ಹಿತ್ತಾಳೆ ಪಾತ್ರೇಲಿ ಮಜ್ಜಿಗೆ ಇಡಬ್ಯಾಡ ಅಂತಾರೆ ಸಾರ್."

"ಯಾಕೆ?"

"ಇಟ್ರೆ ಅಮ್ಮ ಬೈತಾಳೆ."

"ಅಮ್ಮ ಯಾಕೆ ಬೈತಾಳೆ ಅಂತ ಮಜ್ಜಿಗೀನೇ ಕೇಳು. ಆತು, ನಿಂದು ಅದೇ ಟಾಪಿಕ್. ನೆಕ್ಸ್ಟ್!"

ಕಲಾಯಿ ಹಾಕುವವರ ಮಗ ಒಬ್ಬನಿದ್ದ. "ಕಾದ ಪಾತ್ರೆಗೆ ನವಸಾಗರದ ಪುಡಿ ಹಾಕಿದಾಗ ಹೊಗೆ ಮೂಗಿಗೆ ತಗೋಬ್ಯಾಡ ಅಂತಾರೆ ನಮ್ಮ ಅಬ್ಬಾ" ಎಂದ. ಅವನನ್ನು ಎಬ್ಬಿಸಿ, "ನೋಡ್ರಲೇ, ಇವರ ಅಬ್ಬಾನ ಕುಲುಮೇಲಿ ಅರ್ಧ ಕೆಮಿಸ್ಟ್ರಿ ಐತೆ" ಎಂದು ಬೆನ್ನು ತಟ್ಟಿದರು. ಆ ವರ್ಷ ಅವನು ಕಲಾಯಿ ಇದ್ದ ತಟ್ಟೆ, ಇಲ್ಲದ ತಟ್ಟೆಗಳಲ್ಲಿ ಹುಣಸೆ ಸಾರು ಇಟ್ಟು ತೋರಿಸಿ ತಾಲ್ಲೂಕಿಗೇ ಮೊದಲು ಬಂದ. ಹಿಂದಿನ ಸಾಲಿನ ಇನ್ನೊಬ್ಬ ಒಮ್ಮೆ ಎದ್ದು ನಿಂತು, "ನಮ್ಮನೇಲಿ ನಿಮ್ಮ ಹತ್ರ ಟ್ಯೂಷನ್ನಿಗೆ ಹೋಗಬ್ಯಾಡ ಅಂತಾರೆ ಸಾರ್" ಎಂದಿದ್ದ. ಅವರು ಕನ್ನಡಕ ಒರೆಸಿ, "ಅದೂ ಒಳ್ಳೇ ಟಾಪಿಕ್ಕೇ. ಒಂದು ತಿಂಗಳು ಬಾ, ಒಂದು ತಿಂಗಳು ಬಿಡು, ಮಾರ್ಕ್ಸ್ ಹೋಲಿಸಿ ಚಾರ್ಟ್ ಬರಿ" ಎಂದರು. ಬೇವಿನ ಮರದ ಕೆಳಗೆ ಬಿದ್ದ ಆ ನಗು ಹೆಡ್‌ಮಾಸ್ಟರರನ್ನು ಹೊರಗೆ ಕರೆತಂದಿತ್ತು.

ಪಾಠ ಮಾಡುವುದನ್ನು ನಾನು ಕಲಿತದ್ದು ಬಿ.ಎಡ್. ಕಾಲೇಜಿನಲ್ಲಿ ಅಲ್ಲ, ಆ ಮರದ ಕೆಳಗೆ. ಇದನ್ನು ಬರೆಯುವಾಗ ನನಗೆ ಸಿಟ್ಟಿದೆ. ಆದರೂ ಇದು ನಿಜ.

ಗಂಗಮ್ಮ ಒಂಬತ್ತನೆಯ ತರಗತಿಯವಳು. ಬಿಳಿಚೋಡಿನಿಂದಾಚೆಯ ಹಳ್ಳಿಯಿಂದ ನಡೆದು ಬರುತ್ತಿದ್ದಳು. ಕಾಲಿನ ಧೂಳನ್ನು ಶಾಲೆಯ ನಲ್ಲಿಯಲ್ಲಿ ತೊಳೆದೇ ಒಳಗೆ ಬರುವ ಹುಡುಗಿ. ಎರಡು ಜಡೆ, ಕೈಯಲ್ಲಿ ಯಾವಾಗಲೂ ಒಂದು ತುಂಡು ಸೀಸದ ಕಡ್ಡಿ. ಅವಳ ಅಪ್ಪ ಮುಂದಿನ ವರ್ಷದಿಂದ ಶಾಲೆ ಬಿಡಿಸುವವನಿದ್ದ. ಮೇಷ್ಟ್ರು ಅವರ ಮನೆಗೇ ಹೋಗಿ ಜಗಲಿಯ ಮೇಲೆ ಕೂತು ಮಾತು ತೆಗೆದಿದ್ದರು. ನಾನೂ ಜೊತೆಗಿದ್ದೆ.

"ಹುಡುಗಿ ಬುದ್ಧಿ ಚುರುಕೈತೆ ಕಣ್ರೀ. ಓದಿಸ್ರಿ."

"ಎಲ್ಲಾ ಮೇಷ್ಟ್ರೂ ಹಂಗೇ ಅಂತಾರೆ" ಎಂದ ಅಪ್ಪ. "ಮೇಷ್ಟ್ರು ಹೇಳಿದ್ರೆ ಸಾಕಾ? ಜಿಲ್ಲೆಯೋರು ಹೇಳ್ಲಿ. ನಿಮ್ಮ ಪ್ರದರ್ಶನದಾಗೆ ಜಿಲ್ಲಾಮಟ್ಟಕ್ಕೆ ಹೋಗ್ಲಿ, ದಾವಣಗೆರೇಲಿ ನನ್ನ ತಂಗಿ ಮನೇಲಿ ಇಟ್ಟು ಕಾಲೇಜು ಓದಿಸ್ತೀನಿ. ಇಲ್ಲಾಂದ್ರೆ ಇದೇ ವರ್ಷಕ್ಕೆ ಮುಗೀತು."

ಗಂಗಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಆಮೇಲೆ ನೀರಿನ ಚೊಂಬು ತಂದಿಟ್ಟಳು. ಮೇಷ್ಟ್ರು ಅಲ್ಲೇ ಕೇಳಿದರು.

"ಏನಮ್ಮ, ನಿಮ್ಮನೇಲಿ ಏನ್ ಬ್ಯಾಡ ಅಂತಾರೆ?"

"ಹಗೇವಿನ ಬಾಯಿ ತೆಗೆದ ದಿನ ಒಳಗೆ ಇಳೀಬ್ಯಾಡ ಅಂತಾರೆ ಸಾರ್. ಭೂತ ಉಸಿರು ಎಳಕೊಂತೈತಂತೆ. ಅಜ್ಜಿ ದೀಪ ಇಳಿಬಿಟ್ಟು ನೋಡ್ತಾಳೆ. ದೀಪ ಆರಿದ್ರೆ ಯಾರೂ ಇಳಿಯಂಗಿಲ್ಲ."

ಹಗೇವು ಅಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಕಿರಿದು, ಒಬ್ಬರು ಮೈ ಹಿಡಿ ಮಾಡಿಕೊಂಡು ಇಳಿಯುವಷ್ಟು. ಒಳಗೆ ಹೋಗುತ್ತ ಹೂಜಿಯ ಹೊಟ್ಟೆಯ ಹಾಗೆ ಅಗಲ. ಬಾಯಿಗೆ ಬಂಡೆ ಎಳೆದು ಮಣ್ಣು ಮೆತ್ತಿಬಿಟ್ಟರೆ ತಿಂಗಳುಗಟ್ಟಲೆ ಕಾಳು ಕೆಡುವುದಿಲ್ಲ. ಆ ಸೀಮೆಯಲ್ಲಿ ಆಗಲೇ ಹಗೇವುಗಳು ಹಾಳು ಬೀಳುತ್ತಿದ್ದವು. ಇವರ ಅಂಗಳದಲ್ಲಿ ಒಂದು ಉಳಿದಿತ್ತು, ತಳದಲ್ಲಿ ಹಳೆಯ ಜೋಳವೂ ಇತ್ತು. ಮಳೆಗಾಲದ ತೇವ ಇಳಿದು ಕಾಳು ಒಳಗೇ ಉಸಿರಾಡಿ, ಗಾಳಿಯಲ್ಲಿದ್ದ ಪ್ರಾಣವಾಯುವನ್ನೆಲ್ಲ ತಿಂದು ಇಂಗಾಲದ ಡೈ ಆಕ್ಸೈಡ್ ಬಿಟ್ಟಿರುತ್ತದೆ. ಆ ಗಾಳಿ ಭಾರ, ತಳದಲ್ಲೇ ಕೂರುತ್ತದೆ. ಇದನ್ನು ನಾನು ಆಗಲೇ ಹೇಳಹೊರಟೆ. ಮೇಷ್ಟ್ರು ನನ್ನ ಮೊಣಕೈ ತಿವಿದರು. "ಸುಮ್ನಿರ್ರಿ ಡಿಗ್ರಿ ಮೇಷ್ಟ್ರೆ. ಅದು ಹುಡುಗೀಗೆ ಸಿಗಬೇಕಾದ್ದು."

ಅವರು ಹೇಳಿಕೊಟ್ಟ ಪ್ರಯೋಗ ಈಗಲೂ ನನಗೆ ಸುಂದರವಾಗಿಯೇ ಕಾಣುತ್ತದೆ. ಸೋಮವಾರ ಹಗೇವಿನ ಬಂಡೆ ಸರಿಸಿ, ಸುತ್ತ ಮುಳ್ಳು ಹಾಕಿ ಬಾಯಿ ತೆರೆದೇ ಬಿಡುವುದು. ದಿನವೂ ಬೆಳಿಗ್ಗೆ ಹಗ್ಗಕ್ಕೆ ಸೀಮೆಎಣ್ಣೆ ಬುಡ್ಡಿ ಕಟ್ಟಿ ಇಳಿಬಿಡುವುದು. ದೀಪ ಆರಿದ ಕ್ಷಣಕ್ಕೆ ಹಗ್ಗವನ್ನು ಬಾಯಿಯ ಅಂಚಿನಲ್ಲಿ ಹಿಡಿದು ಅಲ್ಲಿಗೆ ಒಂದು ಬಟ್ಟೆಚೂರು ಕಟ್ಟುವುದು. ಸೋಮವಾರಕ್ಕೆ ಕೆಂಪು, ಮಂಗಳವಾರಕ್ಕೆ ಹಳದಿ, ಹೀಗೆ ಗಂಗಮ್ಮನ ಹಳೆಯ ಲಂಗಗಳ ಚೂರುಗಳು. ದಿನ ಕಳೆದಂತೆ ದೀಪ ಇನ್ನಷ್ಟು ಆಳದವರೆಗೆ ಉರಿಯಿತು, ಬಟ್ಟೆಚೂರುಗಳು ಹಗ್ಗದ ಮೇಲೆ ಸಾಲಾಗಿ ಏರಿದವು. ಕೆಟ್ಟ ಗಾಳಿಯ ಮಟ್ಟ ಎಷ್ಟು ಇಳಿಯಿತು ಎನ್ನುವುದನ್ನು ಅಕ್ಷರ ಬಾರದವರೂ ಆ ಹಗ್ಗ ನೋಡಿ ಹೇಳಬಹುದಿತ್ತು. ಶುಕ್ರವಾರದ ನೀಲಿ ಚೂರು ಕಟ್ಟಿದಾಗ ದೀಪ ಜೋಳದಿಂದ ಮೊಣಕಾಲೆತ್ತರದವರೆಗೂ ಆರಲಿಲ್ಲ. ಗಂಗಮ್ಮ ಅದನ್ನು ಗ್ರಾಫಿನ ಮೇಲೆ ಇಳಿಯುವ ಗೆರೆಯಾಗಿ ಬರೆದಳು. ಅಜ್ಜಿ ಬಂದು ನೋಡಿ, "ನಮ್ಮ ಭೂತ ಕಾಗದದ ಮೇಲೆ ಬಂತಲ್ಲೇ ನಮ್ಮವ್ವ!" ಎಂದು ನಕ್ಕಿದ್ದಳು.

ಶನಿವಾರ ಮಧ್ಯಾಹ್ನ ಜಗಳೂರಿನಲ್ಲಿ ತಾಲ್ಲೂಕಿನ ಪ್ರದರ್ಶನ, ಅಲ್ಲಿ ಗೆದ್ದವರು ಜಿಲ್ಲೆಗೆ. ಬೆಳಿಗ್ಗೆಯೇ ಯಾರದೋ ಜೀಪು ಮಾಡಿಕೊಂಡು ನಾವಿಬ್ಬರೂ ಗಂಗಮ್ಮನ ಮನೆಗೆ ಹೋದೆವು. ಅಪ್ಪ, ಅಜ್ಜಿ ಹೊಲಕ್ಕೆ ಹೋಗಿದ್ದರು. ತೀರ್ಪುಗಾರರ ಎದುರಿಗೆ ಸುಣ್ಣದ ತಿಳಿನೀರನ್ನು ಹಾಲಿನಂತೆ ಬಿಳುಪಾಗಿಸಿ ತೋರಿಸಲು ಹಗೇವಿನ ತಳದ ಗಾಳಿ ಒಂದು ಬಾಟಲಿ ಬೇಕಿತ್ತು. ನೀರು ತುಂಬಿದ ಬಾಟಲಿ ಇಳಿಸಿ, ತಳದಲ್ಲಿ ಮಗುಚಿ ನೀರು ಚೆಲ್ಲಿಸಿದರೆ ಆ ಜಾಗಕ್ಕೆ ಗಾಳಿ ತುಂಬುತ್ತದೆ. ಮೇಷ್ಟ್ರು ಹಾಗೇ ಮಾಡಿದರು. ನೀರು ಚೆಲ್ಲಿತು, ಆದರೆ ಎಳೆಯುವಾಗ ಹುರಿಯ ಗಂಟು ಬಿಚ್ಚಿ ಬಾಟಲಿ ಜೋಳದ ಮೇಲೇ ಉಳಿಯಿತು.

ಜೀಪಿನವನು ಹಾರ್ನ್ ಒತ್ತಿದ.

ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಕಣ್ಣು ಮುಚ್ಚಿದರೂ ಮಾತುಗಳು ಅದೇ ಕ್ರಮದಲ್ಲಿ ಬರುತ್ತವೆ.

"ನಾನು ಇಳೀಲಾ ಸಾರ್?" ಎಂದಳು ಗಂಗಮ್ಮ. "ಅಜ್ಜಿ ಜೋಳ ತೆಗಿಯಾಕೆ ನನ್ನೇ ಇಳಿಸೋದು. ಆದ್ರೆ ನಿನ್ನೆ ಸಂಜೆ ಹನಿ ಬಿತ್ತು ಅಂತ ಬಂಡೆ ಎಳೆದಿದ್ವಿ. ಈಗ ನೀವು ಬಂದ ಮೇಲೇ ತೆಗೆದದ್ದು."

"ದೀಪ ಬಿಟ್ಟು ನೋಡೋಣ ಸಾರ್" ಎಂದೆ ನಾನು.

"ಬುಡ್ಡೀಲಿ ಎಣ್ಣೆ ಮುಗಿದೈತೆ. ಈಗ ಎಲ್ಲಿ ಹುಡುಕ್ತೀರಿ?" ಅವರು ಗ್ರಾಫಿನ ಹಾಳೆ ಬಿಚ್ಚಿ ತೋರಿಸಿದರು. "ನಿನ್ನೆ ಮೊಣಕಾಲಿಗೆ ಇತ್ತು. ಗೆರೆ ನೋಡ್ರಿ, ಇವತ್ತು ಇನ್ನೂ ಕೆಳಗೆ ಹೋಗಿರತೈತೆ. ತಲೆ ಮೇಲಿದ್ರೆ ಆತು."

"ಬಂಡೆ ಮುಚ್ಚಿತ್ತಲ್ಲ ಸಾರ್."

"ಒಂದು ರಾತ್ರಿಗೆ ಏನಾಗಂಗಿಲ್ಲ ಬಿಡ್ರಿ." ಆಮೇಲೆ ಗಂಗಮ್ಮನ ಕಡೆ ತಿರುಗಿ, ಕನ್ನಡಕ ತೆಗೆಯದೆ, ಒರೆಸದೆ ಅಂದರು. "ಇಳಿ. ಬಗ್ಗಬ್ಯಾಡ. ಕಾಲ್ಬೆರಳಲ್ಲಿ ಎತ್ತಿ ಕೈಗೆ ತಗೋ."

ಇಳಿ. ಆ ಒಂದು ಮಾತು.

ಆ ಮನೆಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟದೆ ಯಾರೂ ಇಳಿಯುತ್ತಿರಲಿಲ್ಲ. ಹತ್ತಿರವಿದ್ದದ್ದು ಆ ಬಟ್ಟೆಚೂರಿನ ಹಗ್ಗವೇ. ಗಂಗಮ್ಮ ತಾನೇ ಕಟ್ಟಿಕೊಂಡಳು. ನಾನು ದನ ಕಟ್ಟುವ ಕಲ್ಲುಗೂಟಕ್ಕೆ ಒಂದು ಸುತ್ತು ಹಾಕಿ ಬಿಡುತ್ತ ಹೋದೆ. ಸೋಮವಾರದ ಕೆಂಪು ಚೂರು ಹಗೇವಿನ ಬಾಯಿ ದಾಟಿ ಒಳಗೆ ಹೋಯಿತು. ಮಂಗಳವಾರದ ಹಳದಿ ಹೋಯಿತು. ಬುಧವಾರದ್ದೂ ಹೋದ ಮೇಲೆ ಹಗ್ಗ ಸಡಿಲವಾಯಿತು. ಅವಳ ಕಾಲು ಜೋಳಕ್ಕೆ ತಾಗಿತ್ತು. ಗುರುವಾರದ ಹಸಿರು, ಶುಕ್ರವಾರದ ನೀಲಿ ಇನ್ನೂ ಹೊರಗಿದ್ದವು. ನಿಂತವಳ ಸೊಂಟಕ್ಕೆ ಅಷ್ಟೇ ಹಗ್ಗ ಸಾಕು.

"ಸಿಕ್ತೇನಮ್ಮ?" ಎಂದು ಮೇಷ್ಟ್ರು ಬಾಯಲ್ಲಿ ಬಗ್ಗಿ ಕೂಗಿದರು.

ಒಳಗಿನಿಂದ ಬಾಟಲಿ ಉರುಳಿದ ಸದ್ದು. ಆಮೇಲೆ ನನ್ನ ಕೈಯಲ್ಲಿ ಹಗ್ಗ ತಾನಾಗಿ ಜಾರಿತು. ಹಸಿರು ಚೂರು ಒಳಗೆ ಹೋಯಿತು. ಅದರ ಹಿಂದೆಯೇ ನೀಲಿಯೂ ಹೋಯಿತು.

ನೀಲಿ ಒಳಗೆ ಹೋದದ್ದನ್ನು ನೋಡಿ, ಅವಳು ಕುಸಿದಿದ್ದಾಳೆ ಎಂದು ನನಗೆ ತಿಳಿಯಿತು. ಕೂಗಿದ್ದು ನಾನೋ ಅವರೋ ನೆನಪಿಲ್ಲ. ಎಳೆದೆ. ಹಗ್ಗ ಅಂಗೈ ಸುಲಿಯಿತು. ಜೀಪಿನವನು ಓಡಿಬಂದು ಹಿಂದಿನಿಂದ ಹಿಡಿದ. ಅವಳ ತಲೆ ಬಾಯಿಯವರೆಗೆ ಬಂತು, ಭುಜ ಕಲ್ಲಿಗೆ ಸಿಕ್ಕಿಕೊಂಡಿತು. ಮೇಷ್ಟ್ರು ಹೊಟ್ಟೆಯ ಮೇಲೆ ಮಲಗಿ, ಎರಡೂ ಕೈ ಒಳಗೆ ಹಾಕಿ, ಅವಳ ತೋಳನ್ನು ತಿರುವಿ ಹೊರಗೆ ತಂದರು. ಅವರ ಮುಖ ಅವಳ ಮುಖದಷ್ಟೇ ಬಿಳುಚಿತ್ತು. ಆ ಹೊತ್ತಿನಲ್ಲಿ ಅವರು ಹಿಂದೆ ಸರಿಯಲಿಲ್ಲ. ಇದನ್ನೂ ಹೇಳಬೇಕು.

ಅಂಗಳದಲ್ಲಿ ಮಲಗಿಸಿದೆವು. ತುಟಿ ನೀಲಿ. ಅಕ್ಕಪಕ್ಕದ ಹೆಂಗಸರು ಸೇರಿದರು, ಯಾರೋ ಮೊರದಿಂದ ಗಾಳಿ ಬೀಸಿದರು, ಯಾರೋ ಎದೆ ತಿಕ್ಕಿದರು. ಒಮ್ಮೆ ಮೈ ಸೆಟೆದು ಕೆಮ್ಮಿದಳು. ವಾಂತಿ ಮಾಡಿಕೊಂಡಳು. ಪ್ರದರ್ಶನಕ್ಕೆಂದು ಬಂದ ಜೀಪಿನಲ್ಲೇ ಜಗಳೂರಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಕೇಳುತ್ತಿದ್ದಳು. "ಬಾಟ್ಲಿ ಎಲ್ಲಿ ಸಾರ್? ಬಾಟ್ಲಿ ಬಂತಾ?"

ಬದುಕಿದಳು. ಅಷ್ಟರಮಟ್ಟಿಗೆ ಈ ಕಥೆ ಒಳ್ಳೆಯದೇ.

ಅವಳನ್ನು ಆಸ್ಪತ್ರೆಯಿಂದ ಬಿಟ್ಟ ದಿನವೇ ಹೆಡ್‌ಮಾಸ್ಟರರು ಎಲ್ಲರನ್ನೂ ಕೋಣೆಗೆ ಕರೆಸಿದರು. ಗಂಗಮ್ಮನ ಅಪ್ಪ ಟವೆಲನ್ನು ಮಡಿಲಲ್ಲಿ ಹಿಂಡುತ್ತ ಕೂತಿದ್ದ. ಅವಳು ಗೋಡೆಗೆ ಒರಗಿ ನಿಂತಿದ್ದಳು.

"ಹುಡುಗೀನ ಇಳಿಸಿದ್ದು ಯಾರು?" ಎಂದರು ಹೆಡ್‌ಮಾಸ್ಟರರು.

ನಮ್ಮ ಮೇಷ್ಟ್ರು ನಿಧಾನವಾಗಿ ಹೇಳಿದರು. ಅಷ್ಟು ಸಮಾಧಾನದ ಧ್ವನಿಯನ್ನು ನಾನು ಅವರಲ್ಲಿ ಅದುವರೆಗೆ ಕೇಳಿರಲಿಲ್ಲ.

"ನಾನು ಬ್ಯಾಡ ಅಂದಿದ್ದೆ ಸಾರ್. ಬಾಟ್ಲಿ ಬಿದ್ರೆ ಬೀಳ್ಲಿ ಬಿಡು ಅಂದೆ. ನಾನು ಆ ಕಡೆ ಹುರಿ ಸುತ್ತತಿದ್ದೆ, ಇವಳೇ ಹಗ್ಗ ಕಟ್ಕೊಂಡು ಇಳಿದುಬಿಟ್ಲು."

ಬ್ಯಾಡ ಅಂದಿದ್ದೆ. ಇಡೀ ತಾಲ್ಲೂಕಿನ ಮಕ್ಕಳಿಗೆ ಆ ಮಾತಿನ ಬೆನ್ನು ಹತ್ತಿ "ಯಾಕೆ" ಎಂದು ಕೇಳಲು ಕಲಿಸಿದ ಮನುಷ್ಯ, ತನ್ನ ತಲೆ ಉಳಿಸಿಕೊಳ್ಳಬೇಕಾಗಿ ಬಂದಾಗ ಅದೇ ಮಾತಿನ ಹಿಂದೆ ಹೋಗಿ ನಿಂತರು. ನಾನು ಎದ್ದು, "ಇಲ್ಲ ಸಾರ್, ಇವರೇ ಇಳಿ ಅಂದದ್ದು. ಹಗ್ಗ ಬಿಟ್ಟದ್ದು ನಾನು. ನಾನು ಅಲ್ಲೇ ಇದ್ದೆ" ಎಂದೆ.

ಹೆಡ್‌ಮಾಸ್ಟರರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. "ಹುಡುಗೀನೇ ಹೇಳ್ಲಿ" ಎಂದರು.

ಗಂಗಮ್ಮ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು. ಅವರು ಕಿಟಕಿಯಾಚೆ ಬೇವಿನ ಮರ ನೋಡುತ್ತಿದ್ದರು.

"ಮೇಷ್ಟ್ರು ಬ್ಯಾಡ ಅಂದಿದ್ರು" ಎಂದಳು. "ನಾನೇ ಇಳಿದೆ."

ಅಪ್ಪ ಎದ್ದ. "ಮೇಷ್ಟ್ರು ಬ್ಯಾಡ ಅಂದ್ರೂ ಕೇಳ್ದೆ ಹೋಗಿ ಸಾಯೋ ಹುಡುಗೀಗೆ ಇಸ್ಕೂಲು ಯಾಕ್ರೀ? ನಡೀ ಮನೀಗೆ" ಎಂದು ಅವಳ ರಟ್ಟೆ ಹಿಡಿದ. ಬಾಗಿಲಲ್ಲಿ ಅವಳು ಇನ್ನೊಮ್ಮೆ ಹಿಂತಿರುಗಿದಳು. ಯಾರಾದರೂ ಏನಾದರೂ ಅನ್ನಬಹುದು ಎಂದು ಕಾಯುವವರು ಹಾಗೆ ನಿಲ್ಲುತ್ತಾರೆ. ನಾನು, "ಸ್ವಲ್ಪ ನಿಲ್ರಿ, ಯಜಮಾನ್ರೆ" ಎಂದೆ. ನನ್ನ ಮಾತು ಆ ಕೋಣೆಯಲ್ಲಿ ಅಷ್ಟರಲ್ಲೇ ಬೆಲೆ ಕಳೆದುಕೊಂಡಿತ್ತು. ಅವಳ ಬಾಯಿಂದಲೇ ಅದು ಸುಳ್ಳಾಗಿತ್ತು.

ಮೇಷ್ಟ್ರು ಅಂದು ಸಂಜೆ ನನ್ನ ರೂಮಿನ ಮುಂದೆ ಸೈಕಲ್ ನಿಲ್ಲಿಸಿ, ಇಳಿಯದೆ, ಒಂದು ಕಾಲನ್ನು ಕಟ್ಟೆಗೆ ಊರಿ, "ಸಸ್ಪೆಂಡ್ ಆಗ್ತಿದ್ದೆ ಕಣ್ರೀ" ಎಂದರು. ಅವರು ಹೋದರು. ಆ ವರ್ಷದ ಕೊನೆಗೆ ನನ್ನ ತಾತ್ಕಾಲಿಕ ಕೆಲಸ ಮುಗಿಯಿತು. ಅವರೂ ಮುಂದೆ ಸ್ವಂತ ಊರಿನ ಕಡೆಗೆ ವರ್ಗ ಮಾಡಿಸಿಕೊಂಡರೆಂದು ಕೇಳಿದೆ. ಗಂಗಮ್ಮ ಯಾಕೆ ಹಾಗೆ ಹೇಳಿದಳು ಎನ್ನುವುದು ನನಗೆ ಬಹಳ ಕಾಲ ತಿಳಿಯಲಿಲ್ಲ. ಗುರುಭಕ್ತಿ ಇರಬೇಕು, ಹೆದರಿಕೆ ಇರಬೇಕು ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಸಂಬಂಧಿಕರ ಮದುವೆಗೆ ಜಗಳೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಸೊಂಟದ ಮೇಲೆ ಮಗು ಕೂರಿಸಿಕೊಂಡ ಹೆಂಗಸೊಬ್ಬಳು ನನ್ನ ಮುಂದೆ ಬಂದು ನಿಂತಳು.

"ಡಿಗ್ರಿ ಮೇಷ್ಟ್ರಲ್ವೇನ್ರೀ?"

ದನಿಯಿಂದ ಗುರುತು ಹಿಡಿದೆ, ಗಂಗಮ್ಮ. ಅವಳ ಬಲ ಭುಜದ ಮೇಲೆ ಕಲ್ಲು ತರಚಿದ ಗುರುತು ರವಿಕೆಯಂಚಿನಲ್ಲಿ ಇನ್ನೂ ಕಾಣುತ್ತಿತ್ತು. ಚಹಾ ಕುಡಿಯೋಣ ಎಂದೆ, ಬ್ಯಾಡ ಎಂದಳು. ಮಗು ಚಕ್ಕುಲಿ ಬುಟ್ಟಿಯ ಕಡೆ ಕೈ ಚಾಚಿದಾಗ, "ಮುಟ್ಟಬ್ಯಾಡ ಪುಟ್ಟಾ, ಅದರ ಮೇಲೆ ನೊಣ ಕುಂತಾವೆ, ಹೊಟ್ಟೆ ನೋಯ್ತೈತೆ" ಎಂದು ವಿವರಿಸಿದಳು. ಮಾತಾಡಲು ಬಾರದ ಕೂಸಿಗೆ ಅಷ್ಟೆಲ್ಲ ಕಾರಣ. ನಾನು ನಕ್ಕೆ, ಅವಳೂ ನಕ್ಕಳು. ಆಮೇಲೆ ಕೇಳಿಯೇಬಿಟ್ಟೆ.

"ಅವತ್ತು ಯಾಕಮ್ಮ ಹಂಗಂದೆ?"

"ಮೇಷ್ಟ್ರೇ ಹೇಳಿಕೊಟ್ಟಿದ್ರು ಸಾರ್. ನಿಮಗೆ ಗೊತ್ತಿರ್ಲಿಲ್ವಾ?" ಅವಳಿಗೆ ನಿಜವಾಗಿ ಆಶ್ಚರ್ಯವಾಯಿತು. "ಆಸ್ಪತ್ರೆಗೆ ಮೂಸಂಬಿ ತಗೊಂಡು ಬಂದಿದ್ರು. ಸುಲಿದು ಒಂದೊಂದೇ ತೊಳೆ ಕೊಟ್ರು. ನೀನು ಹಿಂಗನ್ನು, ನನ್ನ ಕೆಲಸ ಉಳೀತೈತೆ. ನಿಮ್ಮಪ್ಪನ್ನ ಒಪ್ಪಿಸೋದು ನಂಗೆ ಬಿಡು, ನಾನೇ ಮನೀಗೆ ಬರ್ತೀನಿ, ನಿನ್ನ ಓದು ನಿಲ್ಲಾಕೆ ಬಿಡಂಗಿಲ್ಲ ಅಂದ್ರು. ಅದಕ್ಕೇ ಅಂದೆ."

"ಬಂದ್ರಾ?"

ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ಮುಂದಿನ ವರ್ಷ ಇಸ್ಕೂಲು ಶುರುವಾಗೋ ಮಟ ಕಾದೆ. ಸೈಕಲ್ ಗಂಟೆ ಕೇಳಿದ್ರೆ ಸಾಕು, ಹೊರಗೆ ಬರ್ತಿದ್ದೆ. ನಮ್ಮಜ್ಜಿ ಬೈಯೋಳು, ಯಾರಿಗೆ ಕಾಯ್ತೀಯೇ ಅಂತ." ಬಸ್ಸಿನ ದಾರಿ ನೋಡುತ್ತ, "ಮೇಷ್ಟ್ರು ಚೆನ್ನಾಗಿದಾರಾ ಸಾರ್? ಸಿಕ್ರೆ ಕೇಳಿದೆ ಅಂತ ಹೇಳ್ರಿ" ಎಂದಳು. ಅವಳ ಬಸ್ಸು ಬಂತು.

ಹಗೇವಿನ ಬಾಯಲ್ಲಿ ಅವರು ಆಡಿದ್ದು ಅವಸರದ ಮಾತು ಎಂದು ನಾನು ಅದುವರೆಗೆ ನನಗೇ ಹೇಳಿಕೊಳ್ಳುತ್ತಿದ್ದೆ. ಹೆಡ್‌ಮಾಸ್ಟರರ ಕೋಣೆಯಲ್ಲಿ ಆಡಿದ್ದು ಹೆದರಿಕೆಯ ಮಾತು. ಎರಡನ್ನೂ ಹೇಗೋ ನುಂಗಿಕೊಂಡಿದ್ದೆ. ಮೂಸಂಬಿಯನ್ನು ನುಂಗಲಾಗಲಿಲ್ಲ. ಸುಲಿಯುತ್ತ, ಬಿಳಿ ನಾರು ತೆಗೆಯುತ್ತ, ತೊಳೆ ತೊಳೆಯಾಗಿ ಕೊಡುತ್ತ ಆಡಿದ ಮಾತಿಗೆ ಅವಸರವೂ ಇಲ್ಲ, ಹೆದರಿಕೆಯೂ ಇಲ್ಲ.

ಬೀಳ್ಕೊಡುಗೆಗೆ ಹೋದೆ. ಹೋಗಬಾರದೆಂದುಕೊಂಡಿದ್ದೆ, ಬೆಳಿಗ್ಗೆ ಎದ್ದವನೇ ಹೊನ್ನಾಳಿಯ ಬಸ್ಸು ಹತ್ತಿದ್ದೆ. ಶಾಲೆಯ ಮುಂದೆ ಶಾಮಿಯಾನ, ಮೈಕು. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು, ತಮ್ಮ ಮನೆಯ ಯಾವ "ಬ್ಯಾಡ"ದಿಂದ ತಾವು ಏನು ಕಲಿತೆವೆಂದು ಹೇಳಿದರು. ಒಬ್ಬ ಡಾಕ್ಟರಾಗಿದ್ದ, ಒಬ್ಬ ನೀರಾವರಿಯಲ್ಲಿ ಇಂಜಿನಿಯರು. ಎಲ್ಲರೂ ಹೇಳಿದ್ದು ನಿಜವೇ. ನಾನೂ ಚಪ್ಪಾಳೆ ತಟ್ಟಿದೆ.

ಊಟದ ಹೊತ್ತಿಗೆ ಅವರು ಲ್ಯಾಬಿನಲ್ಲಿ ಒಬ್ಬರೇ ಕೂತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಮೇಜಿನ ಮೇಲಿದ್ದವು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಮುಖ ಅರಳಿತು.

"ಓಹೋ, ಡಿಗ್ರಿ ಮೇಷ್ಟ್ರು! ಬರ್ರಿ ಬರ್ರಿ. ಈಗ್ಲಾದ್ರೂ ಗೊತ್ತಾತೇನ್ರೀ, ಖಾರ ಯಾಕೆ ಹತ್ತತೈತೆ ಅಂತ?"

ನನಗೂ ನಗು ಬಂತು. ಆ ನಗು ಬಂದದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

"ಗಂಗಮ್ಮ ಸಿಕ್ಕಿದ್ಲು ಸಾರ್" ಎಂದೆ.

ಯಾವ ಗಂಗಮ್ಮ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಮ್ಮನ್ನ ಕೇಳಿದಳು. ನೀವು ಮನೆಗೆ ಬರ್ತೀನಿ ಅಂದಿದ್ರಂತೆ. ಮುಂದಿನ ವರ್ಷ ಶಾಲೆ ಶುರುವಾಗೋವರೆಗೂ ಕಾದಳಂತೆ."

ಅವರು ಕನ್ನಡಕ ತೆಗೆದರು. ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಹೊರಗೆ ಎಲೆ ಹಾಕುವ ಗದ್ದಲ ಕೇಳುತ್ತಿತ್ತು. ಒರೆಸಿದ ಕನ್ನಡಕವನ್ನು ಹಾಕಿಕೊಳ್ಳದೆ ಮೇಜಿನ ಮೇಲಿಟ್ಟು, ಬುಟ್ಟಿಯಿಂದ ಒಂದು ಮೂಸಂಬಿ ತೆಗೆದು ನನ್ನ ಕೈಯಲ್ಲಿಟ್ಟರು. ಆ ಹಣ್ಣು ಯಾಕೆ ಕೈಗೆ ಬಂತೆಂದು ಅವರಿಗೆ ಹೊಳೆದಿತ್ತೋ ಇಲ್ಲವೋ.

"ಅದನ್ನೆಲ್ಲ ಈಗ ಎತ್ತಬ್ಯಾಡ್ರಿ" ಎಂದರು. "ಯಾರ ಹತ್ರಾನೂ ಹೇಳಬ್ಯಾಡ್ರಿ."

ಬೇವಿನ ಮರದ ಕೆಳಗೆ ಅವರೇ ನನಗೆ ಕಲಿಸಿದ್ದು ಬಾಯಿಗೆ ಬಂತು.

"ಯಾಕೆ, ಸಾರ್?"

ಅವರು ನನ್ನನ್ನು ನೋಡಿದರು. ಕನ್ನಡಕವಿಲ್ಲದ ಆ ಕಣ್ಣುಗಳಿಗೆ ನಾನು ಎಷ್ಟು ಕಾಣುತ್ತಿದ್ದೆನೋ. ಗೊತ್ತಿಲ್ಲ ಎನ್ನಬಹುದು ಎಂದು ನಾನು ಕಾದೆ. ಅಷ್ಟು ಅಂದಿದ್ದರೂ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಬಾಗಿಲಲ್ಲಿ ಯಾರೋ ಬಂದು, "ಸಾರ್, ಎಲೆ ಹಾಕೈತೆ, ನಿಮಗೇ ಕಾಯ್ತಾ ಅದಾರೆ" ಎಂದರು. ಅವರು ಕನ್ನಡಕ ಹಾಕಿಕೊಂಡು, ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ಎದ್ದು ಹೋದರು.

ಮೂಸಂಬಿಯನ್ನು ಲ್ಯಾಬಿನ ಮೇಜಿನ ಮೇಲೆ, ಬುನ್ಸೆನ್ ದೀಪದ ಪಕ್ಕ ಇಟ್ಟು ಬಂದೆ. ಊಟಕ್ಕೆ ನಿಲ್ಲಲಿಲ್ಲ.